ಅಪ್‌ಡೇಟ್: ಹಗುರ ರೈಫಲ್ ತಗೊಂಡೆ, ಮ್ಯಾಗ್ನಮ್ ಅಲ್ಲ

ಬೆಟ್ಟ ಹತ್ತಿ ಎಲ್ಕ್ (ದೊಡ್ಡ ಜಾತಿಯ ಜಿಂಕೆ) ಬೇಟೆಯಾಡಲು .300 ವಿನ್‌ಚೆಸ್ಟರ್ ಮ್ಯಾಗ್ನಮ್ ಅನ್ನೋ ಜೋರು ತೋಟಾದ ಹಗುರ ರೈಫಲ್ ತಗೊಳ್ಳಲಾ ಅಂತ ಕೇಳಿದ್ದೆ ಅಲ್ವಾ? ಕೊನೆಗೆ ತಂದಿದ್ದು 7 ಎಂಎಂ-08, ಅಂದರೆ ಅದಕ್ಕಿಂತ ಮೆದು ತೋಟಾದ ರೈಫಲ್. ಸ್ಕೋಪ್ (ಗುರಿ ನೋಡುವ ದುರ್ಬೀನು) ಸೇರಿ ಸುಮಾರು 3 ಕೆಜಿ.

ಮನಸ್ಸು ಬದಲಿಸಿದ್ದು ನಿಮ್ಮಲ್ಲೊಬ್ಬರು ಕೊಟ್ಟ ಲೆಕ್ಕ. ತೋಟಾ ಅದೇ ಇದ್ದು ರೈಫಲ್ ತೂಕ 4 ಕೆಜಿಯಿಂದ 3ಕ್ಕೆ ಇಳಿದರೆ, ಒದೆತದ (ಗುಂಡು ಹಾರಿದಾಗ ರೈಫಲ್ ಹೆಗಲಿಗೆ ಹಿಂದಕ್ಕೆ ಗುದ್ದುವ) ಶಕ್ತಿ ಮೂರನೇ ಒಂದು ಪಾಲು ಜಾಸ್ತಿ ಆಗುತ್ತದೆ. ಮ್ಯಾಗ್ನಮ್‌ನಲ್ಲಿ ಅದನ್ನು ತಡೆದುಕೊಳ್ಳೋದು ನನ್ನ ಹೆಗಲಿಗೆ ಆಗದ ಮಾತು. 140 ಗ್ರೇನ್‌ನ (ಸುಮಾರು 9 ಗ್ರಾಂ) ಗಟ್ಟಿ ಬುಲೆಟ್ ಹಾಕಿ, ದೂರ 250 ಮೀಟರ್ ಒಳಗೆ ಇಟ್ಟುಕೊಂಡರೆ ಎಲ್ಕ್‌ಗೆ ಇದು ಸಾಕು.

ಮಜಲ್ ಬ್ರೇಕ್ (ನಳಿಗೆಯ ತುದಿಗೆ ಹಾಕುವ, ಅನಿಲವನ್ನು ಪಕ್ಕಕ್ಕೆ ತಿರುಗಿಸುವ ಸಾಧನ) ಹಾಕಿಸಲಿಲ್ಲ. ಒದೆತ ಕಮ್ಮಿ ಆಗುತ್ತದೆ ನಿಜ, ಆದರೆ ಆ ಸದ್ದು ಪಕ್ಕದವರ ಕಿವಿಗೂ ಶಿಕ್ಷೆ. ಮೆತ್ತನೆಯ ರಬ್ಬರ್ ಪ್ಯಾಡ್ ಹಾಕಿಸಿದೆ, ಅಷ್ಟೇ.

ಒದೆತಕ್ಕೆ ಮೊದಲೇ ಬೆಚ್ಚೋ ಅಭ್ಯಾಸ ಬಿಡಿಸಲು ನಿಜವಾಗಿ ಕೆಲಸಕ್ಕೆ ಬಂದಿದ್ದು ಡಮ್ಮಿ (ಹಾರದ, ಮದ್ದಿಲ್ಲದ) ತೋಟಾ ಉಪಾಯ. ಗೆಳೆಯ ಅಸಲಿ ತೋಟಾಗಳ ನಡುವೆ ಗೊತ್ತಾಗದ ಹಾಗೆ ಡಮ್ಮಿ ಸೇರಿಸಿ ಕೊಡುತ್ತಾನೆ. ಟ್ರಿಗರ್ ಒತ್ತಿದಾಗ ಬರೀ 'ಟಕ್' ಅನ್ನುತ್ತದೆ, ನಳಿಗೆಯ ತುದಿ ಮಾತ್ರ ತಾನಾಗೇ ಕೆಳಗೆ ಜಗ್ಗುತ್ತದೆ! ಒದೆತವೇ ಇಲ್ಲ, ಮೈ ಆಗಲೇ ಬೆಚ್ಚಿರುತ್ತದೆ. ಈಗ ಆ ಜಗ್ಗಾಟ ಹೆಚ್ಚುಕಮ್ಮಿ ನಿಂತಿದೆ. ಮೇಜಿನ ಮೇಲಿಟ್ಟು ಹೊಡೆಯೋದು ಝೀರೋ ಮಾಡಲು (ಸ್ಕೋಪ್‌ನ ಗುರಿಯೂ ಗುಂಡು ತಾಗುವ ಜಾಗವೂ ಒಂದಾಗುವಂತೆ ಹೊಂದಿಸಲು) ಮಾತ್ರ, ಉಳಿದದ್ದೆಲ್ಲ ನಿಂತು ಅಥವಾ ಮಂಡಿಯೂರಿ.