ಅಪ್‌ಡೇಟ್: ಪಿಕಪ್ ಸ್ಟೀರಿಂಗ್ ಸಡಿಲವಾಗಿದ್ದಕ್ಕೆ ಕಾರಣ ಸಿಕ್ಕಿತು
ನೇರ ರಸ್ತೆಯಲ್ಲೂ ನನ್ನ ಪಿಕಪ್ ಅತ್ತಿತ್ತ ಅಲೆಯುತ್ತದೆ, ಸ್ಟೀರಿಂಗ್ ಎರಡು ಬೆರಳಿನಷ್ಟು ತಿರುಗಿದರೂ ಚಕ್ರ ಕದಲುವುದಿಲ್ಲ, ಏನು ಮಾಡಲಿ ಎಂದು ಹಿಂದೆ ಇಲ್ಲಿ ನಿಮ್ಮ ಸಲಹೆ ಕೇಳಿದ್ದೆ. ಸ್ಟೀರಿಂಗ್ ಗೇರ್‌ಬಾಕ್ಸೇ ಹೋಗಿದೆ ಎಂದು ತೀರ್ಮಾನಿಸಿಯೂಬಿಟ್ಟಿದ್ದೆ. ಅದು ತಪ್ಪು.

ನೀವು ಹೇಳಿದಂತೆ ಚಕ್ರಗಳನ್ನು ನೆಲದ ಮೇಲೇ ಬಿಟ್ಟು, ಸ್ಟೀರಿಂಗನ್ನು ಸ್ವಲ್ಪಸ್ವಲ್ಪವೇ ಆಡಿಸಲು ತಮ್ಮನನ್ನು ಕೂರಿಸಿ, ನಾನು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೂ ಕೈಯಿಟ್ಟೆ. ಪಿಟ್‌ಮನ್ ಆರ್ಮ್ (ಗೇರ್‌ಬಾಕ್ಸ್‌ನಿಂದ ಹೊರಬರುವ ತೋಳು) ಸ್ಟೀರಿಂಗ್ ಜೊತೆಗೇ ತಡವಿಲ್ಲದೆ ಕದಲುತ್ತಿತ್ತು. ಅಂದರೆ ಗೇರ್‌ಬಾಕ್ಸ್ ನಿರಪರಾಧಿ. ಐಡ್ಲರ್ ಆರ್ಮ್ (ಇನ್ನೊಂದು ಬದಿಯಲ್ಲಿ ಸರಳುಗಳಿಗೆ ಆಸರೆಯಾಗಿರುವ ತೋಳು) ಮಾತ್ರ ಮೊದಲು ಮೇಲಕ್ಕೆ ಜಿಗಿದು ಆಮೇಲೆ ಪಕ್ಕಕ್ಕೆ ಸರಿಯುತ್ತಿತ್ತು. ಬಲಗಡೆಯ ಹೊರ ಟೈ ರಾಡ್ ಎಂಡ್‌ನ (ಚಕ್ರವನ್ನು ತಿರುಗಿಸುವ ಸರಳಿನ ತುದಿಯ ಕೀಲು) ರಬ್ಬರ್ ಹರಿದು, ಒಳಗಿನ ಗ್ರೀಸ್ ಮಣ್ಣಿನೊಂದಿಗೆ ಕಲೆತು ತುಕ್ಕಿನ ಬಣ್ಣದ ಹಿಟ್ಟಾಗಿತ್ತು.

ಎರಡನ್ನೂ ಬದಲಿಸಿದೆ. ಸರಳಿನ ಉದ್ದ ಬದಲಾಗದಿರಲಿ ಎಂದು ಹಳೆಯ ಎಂಡ್ ಬಿಚ್ಚುವಾಗ ಸುತ್ತುಗಳನ್ನು ಎಣಿಸಿದ್ದೆ: 17. ಹೊಸದನ್ನೂ ಅಷ್ಟೇ ತಿರುಗಿಸಿದೆ (ನಡುವೆ ಫೋನ್ ಬಂದು ಲೆಕ್ಕ ತಪ್ಪಿ, ಬಿಚ್ಚಿ ಮತ್ತೆ ಮೊದಲಿನಿಂದ!). ನಟ್ ಬಿಗಿದ ಮೇಲೆ ಕಾಟರ್ ಪಿನ್ನಿನ (ನಟ್ ಸಡಿಲವಾಗದಂತೆ ತೂರಿಸುವ ಪಿನ್) ತೂತು ಸೇರಲಿಲ್ಲ. ಸಡಿಲಿಸದೆ, ಇನ್ನಷ್ಟು ಬಿಗಿದೇ ಸೇರಿಸಿದೆ. ಇಷ್ಟಾದರೂ ಅಲೈನ್‌ಮೆಂಟ್‌ನಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಕೊಂಚ ತಪ್ಪಿತ್ತು, ಸರಿಪಡಿಸಿಕೊಟ್ಟರು.

ಈಗ ಗಾಡಿ ಗೆರೆ ಎಳೆದಂತೆ ಹೋಗುತ್ತದೆ. ಆದರೆ ಎಡಗಡೆಯ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್‌ಗೆ ಜೋಡಿಸುವ ಗುಂಡು ಕೀಲು) ಕಿರುಗುಡುತ್ತಿದೆ. ಅದನ್ನು ಜಾಕ್ ಕೊಟ್ಟು ನೋಡುವುದು ಮುಂದಿನ ಭಾನುವಾರ.