ಎರಡು ವರ್ಷದ ಅನುಭವಕ್ಕೆ ತನಿಖಾ ಫೆಲೋಶಿಪ್ ಸಿಗುತ್ತದಾ?

ಪ್ರಶ್ನೆ: ವರದಿಗಾರಿಕೆಗೆ ಬಂದು ಎರಡು ವರ್ಷವಾಯಿತು. ದಿನಕ್ಕೆ ಮೂರು ನಾಲ್ಕು ಸುದ್ದಿ ಬರೆಯುವುದರಲ್ಲೇ ಹೊತ್ತು ಮುಗಿಯುತ್ತದೆ. ಒಂದಾದರೂ ಗಟ್ಟಿ ತನಿಖಾ ವರದಿ ಮಾಡಬೇಕು ಅಂತ ಆಸೆ. ಕಳೆದ ವರ್ಷ ನಾಲ್ಕು ಫೆಲೋಶಿಪ್‌ಗಳಿಗೆ ಅರ್ಜಿ ಹಾಕಿದೆ. ಹಾರ್ವರ್ಡ್‌ನ ನೀಮನ್, ಆಕ್ಸ್‌ಫರ್ಡ್‌ನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ ಕೂಡ ಅದರಲ್ಲಿದ್ದವು. ಒಂದೂ ಸಿಗಲಿಲ್ಲ. ನನ್ನ ವಿಷಯ ‘ಸರ್ಕಾರಿ ಆಸ್ಪತ್ರೆಗಳ ಖರೀದಿಯಲ್ಲಿ ಭ್ರಷ್ಟಾಚಾರ’. ಹೊಸಬರಿಗೆ ನಿಜವಾಗಿ ಯಾರಾದರೂ ಕೊಡುತ್ತಾರಾ? ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಮೊದಲು ಆ ಎರಡು ಹೆಸರು ಪಟ್ಟಿಯಿಂದ ತೆಗೆಯಿರಿ. ಎರಡಕ್ಕೂ ಕನಿಷ್ಠ ಐದು ವರ್ಷದ ಅನುಭವ ಬೇಕು. ನಿಮ್ಮನ್ನು ಅಳೆದು ಬೇಡ ಅಂದಿದ್ದಲ್ಲ, ನೀವು ಬಾಗಿಲು ತಪ್ಪಿ ಹೋಗಿದ್ದು ಅಷ್ಟೆ. ಬೇಜಾರು ಬೇಡ. ಅಲ್ಲದೆ ಅವು ಕೆಲಸದಿಂದ ಬಿಡುವು ಪಡೆದು ಓದುವ, ಯೋಚಿಸುವ ಫೆಲೋಶಿಪ್‌ಗಳು. 1938ರಲ್ಲಿ ಶುರುವಾದ ನೀಮನ್ ಮೊದಲಿನಿಂದಲೂ ಹಾಗೇ. ನಿಮಗೆ ಬೇಕಿರುವುದು ಒಂದು ವರದಿಯ ಬೆನ್ನು ಹತ್ತಲು ದುಡ್ಡು ಮತ್ತು ದಾರಿ ತೋರುವ ಸಂಪಾದಕ.

‘ಫೆಲೋಶಿಪ್’ ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸಾಮಾನು ಇರುತ್ತದೆ. ಕೆಲವು ನಿಮ್ಮನ್ನು ದೊಡ್ಡ ಸುದ್ದಿಮನೆಯಲ್ಲಿ ಕೂರಿಸಿ ಕೆಲಸ ಕಲಿಸುತ್ತವೆ. 1984ರಿಂದ ನಡೆಯುತ್ತಿರುವ ಆಲ್ಫ್ರೆಡ್ ಫ್ರೆಂಡ್ಲಿ ಕಾರ್ಯಕ್ರಮ ಆ ಜಾತಿಯದು. ವಿದೇಶದ ಯುವ ಪತ್ರಕರ್ತರನ್ನು ಅಮೆರಿಕದ ಸುದ್ದಿಮನೆಗಳಿಗೆ ಕಳಿಸುತ್ತದೆ. ಕೆಲವಕ್ಕೆ ತರಬೇತಿ ಕೊಡುವುದೇ ಕೆಲಸ. 2016ರಲ್ಲಿ ಶುರುವಾದ ಅಮೆರಿಕದ ಐಡಾ ಬಿ. ವೆಲ್ಸ್ ಸೊಸೈಟಿ, ತನಿಖಾ ಪತ್ರಿಕೋದ್ಯಮದಲ್ಲಿ ಕಪ್ಪು ಮತ್ತಿತರ ವರ್ಣದ ವರದಿಗಾರರು ತೀರಾ ಕಡಿಮೆ ಅಂತಲೇ ಹುಟ್ಟಿದ್ದು. ಇನ್ನು ಕೆಲವು ಒಂದು ವರದಿಯ ಖರ್ಚನ್ನಷ್ಟೇ ಕೊಡುತ್ತವೆ. 2006ರಲ್ಲಿ ಶುರುವಾದ ಪುಲಿಟ್ಜರ್ ಸೆಂಟರ್ ಇಂಥ ಅನುದಾನಕ್ಕೆ ಹೆಸರಾಗಿದೆ. (ಅಮೆರಿಕದ ಪತ್ರಿಕೋದ್ಯಮಕ್ಕೆ ಕೊಡುವ ಪುಲಿಟ್ಜರ್ ಪ್ರಶಸ್ತಿಗೂ ಅದಕ್ಕೂ ಸಂಬಂಧ ಇಲ್ಲ. ಅರ್ಜಿಯಲ್ಲಿ ‘ನಿಮ್ಮ ಪ್ರತಿಷ್ಠಿತ ಪ್ರಶಸ್ತಿ’ ಅಂತ ಬರೆಯುವವರೂ ಇದ್ದಾರೆ!)

ನನ್ನ ಸಲಹೆ ಏನೆಂದರೆ, ಮೊದಲು ಸಣ್ಣ ದುಡ್ಡು ಹುಡುಕಿ. 1969ರಲ್ಲಿ ಅಮೆರಿಕದ ಸೀಮೋರ್ ಹರ್ಷ್ ಯಾವ ಪತ್ರಿಕೆಯ ನೌಕರಿಯೂ ಇಲ್ಲದ ಸ್ವತಂತ್ರ ವರದಿಗಾರ. ವಿಯೆಟ್ನಾಂನಲ್ಲಿ ನಾಗರಿಕರನ್ನು ಕೊಂದ ಆರೋಪ ಹೊತ್ತ ಸೈನಿಕನೊಬ್ಬನ ವಿಚಾರಣೆ ಸದ್ದಿಲ್ಲದೆ ನಡೆಯುತ್ತಿದೆ ಅಂತ ಒಂದು ಸುಳಿವು ಸಿಕ್ಕಿತು. ಅದೇ ವರ್ಷ ಹುಟ್ಟಿದ್ದ ಫಂಡ್ ಫಾರ್ ಇನ್ವೆಸ್ಟಿಗೇಟಿವ್ ಜರ್ನಲಿಸಂ ಎಂಬ ನಿಧಿ ಅವರಿಗೆ ಕೊಟ್ಟಿದ್ದು 250 ಡಾಲರ್. ಸುಳಿವು ನಿಜವೋ ಸುಳ್ಳೋ ನೋಡಿ ಬರಲು ಅಷ್ಟು ಸಾಕಾಯಿತು. ಆಮೇಲೆ ಇನ್ನೊಂದು 2,000 ಡಾಲರ್. ಅಮೆರಿಕದ ಸೈನಿಕರು ವಿಯೆಟ್ನಾಂನ ಮೈ ಲಾಯ್‌ನಲ್ಲಿ ನಡೆಸಿದ ಹತ್ಯಾಕಾಂಡ ಹೊರಬಂತು, 1970ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು. ನಡುವೆ ದೊಡ್ಡ ಪತ್ರಿಕೆಗಳು ಆ ವರದಿ ಬೇಡ ಅಂದಿದ್ದವು ಅನ್ನುವುದೂ ನೆನಪಿರಲಿ.

ಈಗ ನಿಮ್ಮ ಅರ್ಜಿ. ‘ಆಸ್ಪತ್ರೆ ಖರೀದಿಯಲ್ಲಿ ಭ್ರಷ್ಟಾಚಾರ’ ಒಂದು ವಿಷಯ, ಅದು ವರದಿ ಅಲ್ಲ. ಆಯ್ಕೆ ಸಮಿತಿಯಲ್ಲಿ ಎರಡು ಮೂರು ಸಲ ಕೂತಿದ್ದೇನೆ. ಒಂದೇ ಮಧ್ಯಾಹ್ನ ನಲವತ್ತು ಅರ್ಜಿ ಓದುವಾಗ ಮೊದಲ ನಾಲ್ಕು ಸಾಲಲ್ಲೇ ಗೊತ್ತಾಗಿಬಿಡುತ್ತದೆ, ಇವರು ಅಗೆಯಲು ಶುರು ಮಾಡಿದ್ದಾರಾ ಅಥವಾ ಗುದ್ದಲಿ ಕೊಡಿ ಅಂತ ಕೇಳುತ್ತಿದ್ದಾರಾ ಅಂತ. ಒಂದು ಉದಾಹರಣೆ ಹೇಳುತ್ತೇನೆ, ವಿವರ ಬದಲಿಸಿದ್ದೇನೆ. ಕಾರ್ಖಾನೆಗಳ ಕೊಳಕು ನೀರಿನ ಬಗ್ಗೆ ಒಟ್ಟೊಟ್ಟಿಗೆ ಐದು ಅರ್ಜಿ ಬಂದಿದ್ದವು. ನಾಲ್ಕರಲ್ಲಿ ನದಿಯ ಮಹತ್ವ, ಪರಿಸರದ ಕಾಳಜಿ, ಪತ್ರಕರ್ತರ ಹೊಣೆ. ಐದನೆಯದು ಹೀಗೆ ಶುರುವಾಗಿತ್ತು: ‘ಈ ಕಾರ್ಖಾನೆಯ ಹನ್ನೊಂದು ತಿಂಗಳ ನೀರಿನ ಪರೀಕ್ಷಾ ವರದಿ ತರಿಸಿಕೊಂಡೆ. ಹನ್ನೊಂದರಲ್ಲೂ ಒಂದೇ ಅಂಕಿ. ಪಾಯಿಂಟ್ ಆದ ಮೇಲಿನ ಸಂಖ್ಯೆ ಕೂಡ ಬದಲಾಗಿಲ್ಲ.’ ಮುಂದೆ ಓದದೇ ಇರಲು ಆಗುತ್ತದಾ? ಆಕೆಗೆ ಒಂದೂವರೆ ವರ್ಷದ ಅನುಭವ. ಆ ಕಾಗದ ತರಿಸಲು ಯಾವ ಫೆಲೋಶಿಪ್ಪೂ ಬೇಕಾಗಿರಲಿಲ್ಲ, ಮಾಹಿತಿ ಕೇಳುವ ಒಂದು ಅರ್ಜಿ ಮತ್ತು ಒಂದಿಷ್ಟು ತಾಳ್ಮೆ ಸಾಕಾಗಿತ್ತು.

ಇನ್ನೊಂದು. ಅಂದುಕೊಂಡಿದ್ದೆಲ್ಲ ಸಾಬೀತಾದರೆ ಏನು ಬರೆಯುತ್ತೀರಿ, ಅರ್ಧವಷ್ಟೇ ಸಿಕ್ಕರೆ ಏನು ಬರೆಯುತ್ತೀರಿ, ಎರಡನ್ನೂ ಹೇಳಿ. ತನಿಖೆಯಲ್ಲಿ ದಾರಿ ಮುಚ್ಚುವುದು ಮಾಮೂಲು. ಅರ್ಧವಷ್ಟೇ ಸಿಕ್ಕಾಗ ಬರೆಯುವ ವರದಿಯೂ ಓದಲು ಯೋಗ್ಯ ಅನಿಸಿದರೆ ದುಡ್ಡು ಕೊಡುವವರಿಗೆ ಧೈರ್ಯ ಬರುತ್ತದೆ.

ಮತ್ತೊಬ್ಬರ ಪ್ರಶ್ನೆ: ಇಷ್ಟೆಲ್ಲ ಬಿಚ್ಚಿಟ್ಟರೆ ಐಡಿಯಾ ಕದಿಯುವುದಿಲ್ವಾ? ನನಗೆ ಮಾಹಿತಿ ಕೊಟ್ಟವರ ಗತಿ?

ಉತ್ತರ: ಐಡಿಯಾ ಕದಿಯುವುದು ಅಪರೂಪ. ಸಮಿತಿಯವರಿಗೆ ತಮ್ಮ ಕೆಲಸವೇ ಸಾಕಾಗಿರುತ್ತದೆ. ಆದರೆ ಎರಡನೇ ಭಯ ಸರಿಯಾದದ್ದು. ಮಾಹಿತಿ ಕೊಟ್ಟವರ ಹೆಸರು, ಹುದ್ದೆ, ಗುರುತು ಹಿಡಿಯುವಂಥ ಯಾವ ಸುಳಿವೂ ಅರ್ಜಿಯಲ್ಲಿ ಬೇಡ. ನಿಮ್ಮ ಅರ್ಜಿ ಎಷ್ಟು ಜನರ ಇಮೇಲ್‌ಗೆ ಹೋಗುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ. ‘ಖರೀದಿ ಪ್ರಕ್ರಿಯೆ ಗೊತ್ತಿರುವ ಇಬ್ಬರು ಮಾತಾಡಿದ್ದಾರೆ’ ಅಂದರೆ ಸಾಕು. ವಿಭಾಗದಲ್ಲಿ ಇರುವುದೇ ಮೂವರಾದರೆ ಅದೂ ಜಾಸ್ತಿಯೇ, ಆ ಸಾಲು ಕೂಡ ತೆಗೆಯಿರಿ. ದಾಖಲೆಯ ಸ್ಕ್ಯಾನ್ ಸೇರಿಸುವ ಮುಂಚೆ ಮೂಲೆಯಲ್ಲಿ ಸಹಿ, ಕೈಬರಹ, ಪ್ರಿಂಟ್ ಆದ ಹೊತ್ತು ಇದೆಯಾ ನೋಡಿ.

ಮತ್ತೊಬ್ಬರ ಪ್ರಶ್ನೆ: ಬಜೆಟ್ ಕೇಳುತ್ತಾರೆ. ಕಡಿಮೆ ಬರೆದರೆ ಸಿಗುವ ಅವಕಾಶ ಜಾಸ್ತಿ ಅಲ್ವಾ?

ಉತ್ತರ: ಇಲ್ಲ. ತೀರಾ ಕಡಿಮೆ ಬರೆದರೆ ಇವರಿಗೆ ಕೆಲಸದ ಅಂದಾಜಿಲ್ಲ ಅನಿಸುತ್ತದೆ. ಹೊಸಬರು ಬಸ್ಸು, ರೈಲು, ಊಟ ಎಲ್ಲ ಲೆಕ್ಕ ಹಾಕಿ ಮೂರು ಖರ್ಚು ಮರೆಯುತ್ತಾರೆ. ದಾಖಲೆಯ ನಕಲಿನ ಶುಲ್ಕ, ಪ್ರಕಟಣೆಗೆ ಮುಂಚೆ ವಕೀಲರ ಕೈಲಿ ಓದಿಸುವ ಖರ್ಚು, ಮತ್ತು ನಿಮ್ಮದೇ ದುಡಿಮೆ. ಕೊನೆಯದನ್ನು ಕೇಳಲು ನಾಚಿಕೆ ಯಾಕೆ? ನಿಯಮದಲ್ಲಿ ಅವಕಾಶ ಇದ್ದರೆ ಕೇಳಿ. ವಕೀಲರ ಖರ್ಚಂತೂ ಬಿಡಲೇಬೇಡಿ. ಮೊಕದ್ದಮೆ ಬಂದ ಮೇಲೆ ಆ ದುಡ್ಡು ಯಾರೂ ಕೊಡುವುದಿಲ್ಲ.

ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತಲೂ ಓದಿ. ನನ್ನ ಮೊದಲ ಅನುದಾನದಲ್ಲಿ ಎರಡನೇ ಕಂತು ‘ಪ್ರಕಟಣೆಯ ನಂತರ’ ಅಂತಿತ್ತು. ಖುಷಿಯಲ್ಲಿ ಸಹಿ ಹಾಕಿದೆ. ಪ್ರಕಟಿಸುತ್ತೇವೆ ಅಂದಿದ್ದ ಪತ್ರಿಕೆಯಲ್ಲಿ ಸಂಪಾದಕರು ಬದಲಾದರು. ಹೊಸಬರು ವರದಿಯನ್ನು ಏಳು ತಿಂಗಳು ಡ್ರಾಯರ್‌ನಲ್ಲಿ ಇಟ್ಟರು. ಏಳು ತಿಂಗಳೂ ನಾನು ಸಾಲದಲ್ಲಿ. ಈಗ ‘ಅಂತಿಮ ಕರಡು ಒಪ್ಪಿಸಿದ ಮೇಲೆ’ ಅಂತ ಬದಲಿಸಲು ಕೇಳುತ್ತೇನೆ. ಸಾಮಾನ್ಯವಾಗಿ ಒಪ್ಪುತ್ತಾರೆ, ಕೇಳಬೇಕು ಅಷ್ಟೆ.

ಮತ್ತೊಬ್ಬರ ಪ್ರಶ್ನೆ: ಸಂಪಾದಕರ ಪತ್ರ ಎಲ್ಲ ಕಡೆ ಬೇಕಾ? ನಾನು ಫ್ರೀಲಾನ್ಸ್. ನನ್ನ ವರದಿಗಳು ಇಂಗ್ಲಿಷ್‌ನಲ್ಲೂ ಇಲ್ಲ.

ಉತ್ತರ: ಖರ್ಚು ಕೊಡುವ ಕಡೆ ಬಹುಪಾಲು ಬೇಕು. ಮೇಲೆ ಹೇಳಿದ ಆ 250 ಡಾಲರ್‌ನ ಫಂಡ್ ಕೂಡ ಈಗ ಸುದ್ದಿಸಂಸ್ಥೆಯ ಒಪ್ಪಿಗೆ ಪತ್ರ ಕೇಳುತ್ತದೆ. ಅದಕ್ಕೆ ಗಡುವಿನ ಹಿಂದಿನ ದಿನ ಓಡಬೇಡಿ. ತಿಂಗಳ ಮುಂಚೆ ಒಂದು ಪುಟದ ಟಿಪ್ಪಣಿ ಕಳಿಸಿ, ದುಡ್ಡು ಬೇರೆ ಕಡೆಯಿಂದ ಬರುತ್ತದೆ ಅಂತ ಮೊದಲೇ ಹೇಳಿ. ಸಂಪಾದಕರ ಕಿವಿ ಆಗ ನೆಟ್ಟಗಾಗುತ್ತದೆ. ಭಾಷೆಗೆ ತಲೆ ಕೆಡಿಸಿಕೊಳ್ಳಬೇಡಿ. ವರದಿಯ ಜೊತೆ ಅರ್ಧ ಪುಟದ ಸಾರಾಂಶ ಇಡಿ, ಯಾವ ದಾಖಲೆ ನೀವೇ ಹುಡುಕಿದ್ದು, ವರದಿ ಬಂದ ಮೇಲೆ ಏನಾಯಿತು ಅಂತ. ಎಲ್ಲಿ ಯಾವ ಅವಕಾಶ ತೆರೆದಿದೆ ಅಂತ ನೋಡಲು ಜಾಗತಿಕ ತನಿಖಾ ಪತ್ರಿಕೋದ್ಯಮ ಜಾಲದ, ಅಂದರೆ ಜಿಐಜೆಎನ್‌ನ ಪಟ್ಟಿ ಸಾಕು.

ಮೊದಲು ಕೇಳಿದವರು: ಸರ್, ನನ್ನ ಹತ್ತಿರ ಒಂದು ವಿಷಯ ಇದೆ, ಅರ್ಜಿಯಲ್ಲಿ ಮೂರನೇ ಪುಟದಲ್ಲಿ ಸುಮ್ನೆ ಹಾಕಿದ್ದೆ. ಒಂದೇ ಟೆಂಡರ್‌ಗೆ ಬಿಡ್ ಹಾಕಿದ ಮೂರು ಕಂಪನಿಗಳ ನೋಂದಾಯಿತ ವಿಳಾಸ ಒಂದೇ. ಮೊದಲ ಸಾಲು ಹೀಗೆ ಬರೆದರೆ ಸರಿಯಾ? ‘ಈ ಅಕ್ರಮ ಟೆಂಡರ್‌ನಲ್ಲಿ ಪೈಪೋಟಿ ನಡೆಸಿದ ಮೂರೂ ಕಂಪನಿಗಳ ವಿಳಾಸ ಒಂದೇ ಕಟ್ಟಡದ ಒಂದೇ ಕೋಣೆ.’

ಉತ್ತರ: ಇದನ್ನು ಮೂರನೇ ಪುಟದಲ್ಲಿ ಇಟ್ಟಿದ್ದಿರಾ! ‘ಅಕ್ರಮ’ ತೆಗೆಯಿರಿ, ಅದಿನ್ನೂ ನಿಮಗೆ ಗೊತ್ತಿಲ್ಲ. ಉಳಿದಿದ್ದು ಹಾಗೇ ಇರಲಿ. ಒಂದೇ ವಿಳಾಸದಲ್ಲಿ ಬಾಡಿಗೆ ಅಂಚೆಪೆಟ್ಟಿಗೆಯಂತೆ ನೂರಾರು ಕಂಪನಿ ಇರುವ ಕಟ್ಟಡಗಳೂ ಇವೆ, ಮೊದಲು ಅದನ್ನು ಪರೀಕ್ಷಿಸಿ. ಆಮೇಲೆ ಮೂರು ಕಂಪನಿಗಳೂ ಯಾವ ದಿನ ನೋಂದಣಿಯಾದವು, ಟೆಂಡರ್ ಯಾವ ದಿನ ಹೊರಬಿತ್ತು, ಈ ನಾಲ್ಕು ತಾರೀಖು ಒಂದರ ಕೆಳಗೆ ಒಂದು ಬರೆದು ಇಲ್ಲಿ ಹಾಕದೆ ನನಗೆ ಖಾಸಗಿಯಾಗಿ ಕಳಿಸಿ.