ಪ್ರಶ್ನೋತ್ತರ: ತಿಂಗಳಿಗೆ 15,000 ರೂಪಾಯಿಯ ಪ್ರಚಾರ ನಮ್ಮ ರೊಟ್ಟಿ ಕೇಂದ್ರಕ್ಕೆ ತಕ್ಕುದೇ?

ಪ್ರಶ್ನೆ (ರೊಟ್ಟಿ ಕೇಂದ್ರ, ಹುಬ್ಬಳ್ಳಿ): ನಮಸ್ಕಾರ. ಹುಬ್ಬಳ್ಳಿಯ ವಿದ್ಯಾನಗರದ ಒಂದು ಅಡ್ಡರಸ್ತೆಯಲ್ಲಿ ಆರು ವರ್ಷಗಳಿಂದ ಜೋಳದ ರೊಟ್ಟಿ ಕೇಂದ್ರ ನಡೆಸುತ್ತಿದ್ದೇನೆ. ನಾಲ್ಕು ಜನ ಹೆಣ್ಣುಮಕ್ಕಳು ದಿನಕ್ಕೆ ಸುಮಾರು 600 ರೊಟ್ಟಿ ಬಡಿಯುತ್ತಾರೆ. ರೊಟ್ಟಿಗೆ 10 ರೂಪಾಯಿ. ಹಿಟ್ಟು, ಗ್ಯಾಸ್, ಕೂಲಿ, ಬಾಡಿಗೆ ಎಲ್ಲ ಕಳೆದು ಎರಡೂವರೆ ರೂಪಾಯಿ ಉಳಿಯುತ್ತದೆ. ಇದರ ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಗುರೆಳ್ಳು ಚಟ್ನಿಯೂ ಇವೆ. ಕಾಲು ಕಿಲೋ ಚಟ್ನಿಪುಡಿಗೆ 100 ರೂಪಾಯಿ, ಅದರಲ್ಲಿ 35 ರೂಪಾಯಿ ಉಳಿಯುತ್ತದೆ. ಕಳೆದ ವಾರ ಒಂದು ಡಿಜಿಟಲ್ ಮಾರ್ಕೆಟಿಂಗ್ ಸಂಸ್ಥೆಯವರು ಬಂದು, ತಿಂಗಳಿಗೆ 15,000 ರೂಪಾಯಿ ಮತ್ತು ಜಿಎಸ್‌ಟಿ ಕೊಟ್ಟರೆ ಹನ್ನೆರಡು ರೀಲ್ಸ್, ಹದಿನೈದು ಪೋಸ್ಟ್ ಹಾಗೂ ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುವುದಾಗಿ ಹೇಳಿದರು. ಆರು ತಿಂಗಳ ಕರಾರಿಗೆ ಸಹಿ ಹಾಕಬೇಕಂತೆ. ಮಾದರಿಗೆಂದು ಒಂದು ಪೋಸ್ಟ್ ಕೂಡ ಮಾಡಿ ತೋರಿಸಿದ್ದಾರೆ. ಅದರಲ್ಲಿ ನಮ್ಮ ರೊಟ್ಟಿಯ ಚಿತ್ರದ ಮೇಲೆ 'ಸಕ್ಕರೆ ಕಾಯಿಲೆಗೆ ರಾಮಬಾಣ' ಎಂದು ಬರೆದಿದೆ. ನೋಡಲು ಚೆನ್ನಾಗಿದೆ. ಒಪ್ಪಿಕೊಳ್ಳಬಹುದೇ?

ಉತ್ತರ: ನೀವು ಲೆಕ್ಕವನ್ನೂ ಕೊಟ್ಟು ಕೇಳಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು, ಹೆಚ್ಚಿನವರು 'ಪ್ರಚಾರಕ್ಕೆ ಎಷ್ಟು ಹಾಕಬೇಕು' ಎಂದಷ್ಟೇ ಕೇಳುತ್ತಾರೆ. 15,000ಕ್ಕೆ 18% ಜಿಎಸ್‌ಟಿ ಸೇರಿದರೆ 17,700 ರೂಪಾಯಿ. ಇಷ್ಟನ್ನು ಎರಡೂವರೆ ರೂಪಾಯಿ ಉಳಿಯುವ ರೊಟ್ಟಿಯಿಂದಲೇ ಮರಳಿ ಪಡೆಯಬೇಕಾದರೆ ತಿಂಗಳಿಗೆ 7,080 ರೊಟ್ಟಿ, ಅಂದರೆ ದಿನಕ್ಕೆ 236 ರೊಟ್ಟಿ ಹೆಚ್ಚಿಗೆ ಮಾರಾಟವಾಗಬೇಕು. ಅಷ್ಟು ಮಾರಿದ ಮೇಲೂ ನಿಮ್ಮ ಕೈಗೆ ಬರುವುದು ಸೊನ್ನೆ. ಲಾಭ ಶುರುವಾಗುವುದು 237ನೆಯ ರೊಟ್ಟಿಯಿಂದ. ಈಗಿನ 600 ರೊಟ್ಟಿಯಿಂದ ತಿಂಗಳಿಗೆ 45,000 ಉಳಿಯುತ್ತಿದೆ ಎಂದುಕೊಂಡರೆ, ಅದರ ಸುಮಾರು ಐದನೆಯ ಎರಡು ಭಾಗವನ್ನು ನೀವು ಪ್ರಚಾರಕ್ಕೆ ಒಪ್ಪಿಸುತ್ತಿದ್ದೀರಿ. ಆರು ತಿಂಗಳಿಗೆ ಅದು 1,06,200 ರೂಪಾಯಿ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಆ 236 ರೊಟ್ಟಿಯನ್ನು ಬಡಿಯುವವರು ಯಾರು? ನಿಮ್ಮಲ್ಲಿ ಒಬ್ಬೊಬ್ಬರು ದಿನಕ್ಕೆ 150 ರೊಟ್ಟಿ ಬಡಿಯುತ್ತಿದ್ದಾರೆ. ಇನ್ನೂ ಇಬ್ಬರು ಕೈನುರಿತವರು ಮತ್ತು ಇನ್ನೊಂದು ಒಲೆ ಇಲ್ಲದೆ ಇದು ಆಗುವ ಮಾತಲ್ಲ. ನಾನು ಅಂಗಡಿಗಳ ಪ್ರಚಾರದ ಕೆಲಸಕ್ಕೆ ಹೊಸಬನಾಗಿದ್ದಾಗ ಧಾರವಾಡದ ಒಂದು ಬೇಕರಿಗೆ ಭಾನುವಾರದ ರಿಯಾಯಿತಿಯ ಕರಪತ್ರವನ್ನು ಪತ್ರಿಕೆಗಳ ಒಳಗಿಟ್ಟು ಹಂಚಿಸಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆಲ್ಲ ಮಾಲು ಖಾಲಿಯಾಯಿತು, ನಾನು ಗೆದ್ದೆನೆಂದು ಬೀಗಿದೆ. ಸಂಜೆ ಐದಕ್ಕೆ ದಿನವೂ ಬ್ರೆಡ್ಡು, ಖಾರಾ ಬನ್ನು ಒಯ್ಯುತ್ತಿದ್ದ ಹಳೆಯ ಗಿರಾಕಿಗಳು ಬರಿಗೈಯಲ್ಲಿ ಮರಳಿದರು. ಬೆಳಿಗ್ಗೆ ರಿಯಾಯಿತಿಗೆಂದು ಮುಗಿಬಿದ್ದವರು ಮುಂದಿನ ವಾರ ಬರಲಿಲ್ಲ. ಮಾಲೀಕರು ನನ್ನನ್ನು ಬಯ್ಯಲಿಲ್ಲ, ಆದರೆ ಮತ್ತೆ ಕರೆಯಲೂ ಇಲ್ಲ. ಅಂದಿನಿಂದ ನಾನು ಯಾವ ಅಂಗಡಿಗೆ ಹೋದರೂ ಮೊದಲು ಒಳಮನೆಯನ್ನು ನೋಡುತ್ತೇನೆ.

'ಗೂಗಲ್‌ನಲ್ಲಿ ಮೊದಲ ಸ್ಥಾನ' ಎಂಬ ಭರವಸೆಯ ಬಗ್ಗೆ: ನಕ್ಷೆಯ ಹುಡುಕಾಟದಲ್ಲಿ ಯಾರು ಮೇಲೆ ಬರುತ್ತಾರೆ ಎಂಬುದು ಹುಡುಕಿದ ಮಾತಿಗೂ ಅಂಗಡಿಗೂ ಇರುವ ಹೊಂದಿಕೆ, ಹುಡುಕುವವರಿಂದ ಇರುವ ದೂರ ಮತ್ತು ಅಂಗಡಿಗಿರುವ ಹೆಸರು ಈ ಮೂರರ ಮೇಲೆ ನಿಂತಿದೆ ಎಂದು ಗೂಗಲ್ ತಾನೇ ಹೇಳುತ್ತದೆ, ಹಣ ಕೊಟ್ಟು ಸ್ಥಳೀಯ ಶ್ರೇಣಿಯನ್ನು ಮೇಲೆತ್ತಿಕೊಳ್ಳುವ ದಾರಿಯಿಲ್ಲ ಎಂದೂ ಹೇಳುತ್ತದೆ. ಕೇಶ್ವಾಪುರದಲ್ಲಿ ನಿಂತು 'ಜೋಳದ ರೊಟ್ಟಿ' ಎಂದು ಹುಡುಕಿದವರಿಗೆ ವಿದ್ಯಾನಗರದ ಅಂಗಡಿಯನ್ನೇ ಮೊದಲು ತೋರಿಸುವುದು ಯಾವ ಸಂಸ್ಥೆಯ ಕೈಯಲ್ಲೂ ಇಲ್ಲ. ನಕ್ಷೆಯಲ್ಲಿ ಅಂಗಡಿಯ ವಿವರ ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಉಚಿತ. ಈಗ ಬಹಳ ಮಂದಿಗೆ ದೃಢೀಕರಣಕ್ಕಾಗಿ ರಸ್ತೆ, ಬೋರ್ಡು ಮತ್ತು ಅಂಗಡಿಯ ಒಳಭಾಗವನ್ನು ಒಂದೇ ಓಟದಲ್ಲಿ ತೋರಿಸುವ ವಿಡಿಯೊ ಕೇಳುತ್ತಾರೆ. ಅದನ್ನು ನಿಮ್ಮ ಮನೆಯ ಹುಡುಗರೇ ತೆಗೆಯಬಲ್ಲರು.

ಇನ್ನು ಆ ಮಾದರಿ ಪೋಸ್ಟು. ಅದನ್ನು ದಯವಿಟ್ಟು ಎಲ್ಲಿಯೂ ಹಾಕಬೇಡಿ. ಜೋಳ ಒಳ್ಳೆಯ ಆಹಾರ ಎನ್ನುವುದು ಒಂದು ಮಾತು, ರೊಟ್ಟಿ ಕಾಯಿಲೆಗೆ ಮದ್ದು ಎನ್ನುವುದು ಬೇರೆಯೇ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 53ನೆಯ ಸೆಕ್ಷನ್ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಜಾಹೀರಾತು ನಿಮ್ಮ ಅಂಗಡಿಯ ಹೆಸರಿನಲ್ಲಿ ಹೊರಡುವುದರಿಂದ, ಪೋಸ್ಟ್ ಬರೆದವರು ಬೇರೆಯವರು ಎಂಬ ಸಬೂಬು ನಿಮ್ಮನ್ನು ಕಾಯುವುದಿಲ್ಲ. ಆಹಾರ ಮಾರುವವರ ಬಳಿ ಹೋಗುವಾಗ ಇಷ್ಟನ್ನೂ ತಿಳಿದುಕೊಳ್ಳದ ಸಂಸ್ಥೆಯ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ.

ನನ್ನ ಸಲಹೆ ಇಷ್ಟು: ಸದ್ಯಕ್ಕೆ ಸಹಿ ಹಾಕಬೇಡಿ. ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಇಟ್ಟು, ಹೊಸ ಮುಖ ಕಂಡಾಗಲೆಲ್ಲ 'ನಮ್ಮ ಅಂಗಡಿ ಹೇಗೆ ಗೊತ್ತಾಯಿತು' ಎಂದು ಕೇಳಿ, ಬಂದ ಉತ್ತರದ ಎದುರು ಒಂದು ಗೀಟು ಎಳೆಯಿರಿ. ಅವರು ಮೆತ್ತನೆಯ ರೊಟ್ಟಿ ಒಯ್ದರೋ, ಖಡಕ್ ರೊಟ್ಟಿಯೋ, ಚಟ್ನಿಯೋ ಎಂಬುದನ್ನೂ ಬರೆಯಿರಿ. ಹತ್ತು ದಿನ ಕಳೆದ ಮೇಲೆ ಮತ್ತೆ ಮಾತಾಡೋಣ.

ಪ್ರಶ್ನೆ (ದ್ವಿಚಕ್ರ ವಾಹನ ಗ್ಯಾರೇಜ್, ಶಿವಮೊಗ್ಗ): ಗೂಗಲ್ ವಿಷಯ ಬಂದದ್ದರಿಂದ ಇಲ್ಲೇ ಕೇಳುತ್ತೇನೆ. 3,000 ರೂಪಾಯಿಗೆ ನೂರು ಐದು-ನಕ್ಷತ್ರದ ವಿಮರ್ಶೆ ಹಾಕಿಸಿಕೊಡುವುದಾಗಿ ಒಬ್ಬರು ಹೇಳುತ್ತಿದ್ದಾರೆ. ಪಕ್ಕದ ಗ್ಯಾರೇಜಿನವರು ಹಾಕಿಸಿಕೊಂಡಿದ್ದಾರೆ ಎಂದು ಗುಮಾನಿ.

ಉತ್ತರ: ಬೇಡ. ಒಂದೇ ವಾರದಲ್ಲಿ, ಶಿವಮೊಗ್ಗವನ್ನು ಕಂಡೇ ಇರದ ಖಾತೆಗಳಿಂದ, 'ವೆರಿ ಗುಡ್ ಸರ್ವಿಸ್' ಎಂಬ ಒಂದೇ ಸಾಲು ನೂರು ಸಲ ಬಂದರೆ ಓದುವವರಿಗೂ ಗೊತ್ತಾಗುತ್ತದೆ, ಗೂಗಲ್‌ಗೂ ಗೊತ್ತಾಗುತ್ತದೆ. ಅವನ್ನು ಅಳಿಸಿಹಾಕುವುದಲ್ಲದೆ, ಕೆಲಕಾಲ ಹೊಸ ವಿಮರ್ಶೆಗಳನ್ನೇ ತಡೆಹಿಡಿಯುವುದೂ ಉಂಟು. ವಿಮರ್ಶೆ ಬರೆದವರಿಗೆ ರಿಯಾಯಿತಿ ಕೊಡುವುದು ಕೂಡ ಗೂಗಲ್‌ನ ನಿಯಮಕ್ಕೆ ವಿರುದ್ಧ. ಇದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿ ಸಿಕ್ಕಿಬೀಳುವವರು ಬಹಳ.

ಗಾಡಿಯ ಕೀಲಿಯನ್ನು ಗಿರಾಕಿಯ ಕೈಗಿಡುವ ಹೊತ್ತೇ ಕೇಳುವ ಹೊತ್ತು. ಬಿಲ್ಲಿನ ಮೇಲೆ ಒಂದು ಕ್ಯೂಆರ್ ಮುದ್ರಿಸಿ, 'ಏನು ಕೆಲಸ ಮಾಡಿಸಿದಿರಿ ಎಂಬುದನ್ನು ಎರಡು ಮಾತಿನಲ್ಲಿ ಬರೆಯಿರಿ' ಎಂದು ಕೇಳಿಕೊಳ್ಳಿ. 'ಕ್ಲಚ್ ಪ್ಲೇಟ್ ಬದಲಿಸಿದರು, ಹಳೆಯದನ್ನು ಕೈಗೆ ಕೊಟ್ಟು ತೋರಿಸಿದರು' ಎಂಬ ಒಂದು ವಿಮರ್ಶೆ ಆ ನೂರಕ್ಕಿಂತ ತೂಕದ್ದು. ಕೆಟ್ಟ ವಿಮರ್ಶೆ ಬಂದರೆ ಜಗಳವಾಡದೆ, ನಡೆದದ್ದನ್ನು ಚಿಕ್ಕದಾಗಿ ಬರೆದು ಗಾಡಿ ಮತ್ತೆ ತರಲು ಹೇಳಿ. ಆ ಉತ್ತರವನ್ನು ದೂರು ಬರೆದವರಿಗಿಂತ ಮುಂದೆ ಬರಲಿರುವ ಗಿರಾಕಿಗಳೇ ಹೆಚ್ಚು ಗಮನವಿಟ್ಟು ಓದುತ್ತಾರೆ.

ಪ್ರಶ್ನೆ (ಸೀರೆ ಮತ್ತು ಹೊಲಿಗೆ ಅಂಗಡಿ, ತುಮಕೂರು): 10,000 ಮೊಬೈಲ್ ನಂಬರುಗಳ ಪಟ್ಟಿ ಅಗ್ಗದಲ್ಲಿ ಸಿಗುತ್ತಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಎಲ್ಲರಿಗೂ ವಾಟ್ಸಾಪ್ ಕಳಿಸಬಹುದೇ?

ಉತ್ತರ: ಆ ಪಟ್ಟಿ ಅಗ್ಗವಾಗಿರುವುದು ಈಗಾಗಲೇ ಹತ್ತಾರು ಕೈ ದಾಟಿರುವುದರಿಂದ. ಒಂದೇ ಸಂದೇಶವನ್ನು ಹಲವರಿಗೆ ಒಮ್ಮೆಲೇ ಕಳಿಸುವ ವಾಟ್ಸಾಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ. ಮೇಲಾಗಿ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಮಿತಿಯನ್ನು ದಾಟಿಸುವ ಕಳ್ಳ ತಂತ್ರಾಂಶ ಬಳಸಿ, ಜನ ಬೇಸತ್ತು 'ಬ್ಲಾಕ್' ಒತ್ತುತ್ತ ಹೋದರೆ ನಿಮ್ಮ ನಂಬರೇ ನಿಷೇಧಕ್ಕೊಳಗಾಗುತ್ತದೆ. ಅಂಗಡಿಯ ಬೋರ್ಡಿನ ಮೇಲೆ ಬರೆಸಿರುವುದೂ ಅದೇ ನಂಬರಲ್ಲವೇ? ಎಸ್‌ಎಂಎಸ್ ಕಳಿಸಬೇಕೆಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮದಂತೆ, ವ್ಯಾಪಾರದ ಸಂದೇಶ ಕಳಿಸುವವರನ್ನು ದಾಖಲಿಸುವ ಡಿಎಲ್‌ಟಿ ವೇದಿಕೆಯಲ್ಲಿ ನೋಂದಾಯಿಸಿ, ಸಂದೇಶದ ಮಾದರಿಗೂ ಒಪ್ಪಿಗೆ ಪಡೆಯಬೇಕಾಗುತ್ತದೆ.

ನಿಮ್ಮ ಬಳಿ ಅದಕ್ಕಿಂತ ಬೆಲೆಯುಳ್ಳ ಪಟ್ಟಿ ಈಗಾಗಲೇ ಇದೆ: ಅಳತೆಯ ಪುಸ್ತಕ. ಅದರಲ್ಲಿ ಹೆಸರಿದೆ, ಫೋನ್ ಇದೆ, ಕಳೆದ ವರ್ಷ ಯಾವ ತಿಂಗಳಲ್ಲಿ ರವಿಕೆ ಹೊಲಿಸಿದರು ಎಂಬುದೂ ಇದೆ. ಅವರನ್ನು ಕೇಳಿ, ಒಪ್ಪಿದವರಿಗೆ ಮಾತ್ರ, ಹಬ್ಬಕ್ಕೆ ನಾಲ್ಕು ವಾರ ಮುಂಚೆ 'ಇಂಥ ತಾರೀಖಿನ ಒಳಗೆ ಬಟ್ಟೆ ಕೊಟ್ಟರೆ ಹಬ್ಬಕ್ಕೆ ಸಿಗುತ್ತದೆ' ಎಂದು ತಿಳಿಸಿ. ಹಬ್ಬದ ಹಿಂದಿನ ವಾರ ನಿಮಗೆ ಬೇಕಾದದ್ದು ಹೊಸ ಗಿರಾಕಿಯಲ್ಲ, ಇನ್ನೊಬ್ಬ ದರ್ಜಿ.

ಪ್ರಶ್ನೆ (ಹಾರ್ಡ್‌ವೇರ್ ಅಂಗಡಿ, ಬೆಂಗಳೂರು): ಹೊಸ ಬೋರ್ಡು ಮಾಡಿಸುತ್ತಿದ್ದೇವೆ. ಕನ್ನಡ ಎಷ್ಟಿರಬೇಕು?

ಉತ್ತರ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ 60% ಕನ್ನಡ ಇರಬೇಕು, ಅದೂ ಫಲಕದ ಮೇಲಿನ ಅರ್ಧದಲ್ಲಿ. ಕಾನೂನು ಹಾಗಿರಲಿ, ಬಣ್ಣ ಹಚ್ಚುವ ಮೇಸ್ತ್ರಿ, ಪ್ಲಂಬರ್, ಗಾರೆಯವರು ದೂರದಿಂದ ಓದಬೇಕಾದ ಬೋರ್ಡು ಅದು. ಹೆಸರಿಗಿಂತ 'ಪೈಪು, ಬಣ್ಣ, ಬೀಗ' ಎಂಬ ಮಾತುಗಳು ದೊಡ್ಡದಾಗಿರಲಿ. ಮಾಲೀಕರ ಭಾವಚಿತ್ರ ಇಲ್ಲದಿದ್ದರೂ ನಡೆಯುತ್ತದೆ.

ರೊಟ್ಟಿ ಕೇಂದ್ರದ ಒಡತಿ (ಹತ್ತು ದಿನಗಳ ನಂತರ): ನೋಟ್‌ಬುಕ್ ಇಟ್ಟೆವು. ಹೊಸಬರು ಒಟ್ಟು 74. ರಸ್ತೆಯಲ್ಲಿ ಹೋಗುತ್ತ ಬೋರ್ಡು ನೋಡಿ ಬಂದವರು 31, ಪರಿಚಯದವರು ಹೇಳಿದ್ದರಿಂದ ಬಂದವರು 22, ಗೂಗಲ್ ನಕ್ಷೆ ನೋಡಿ ಬಂದವರು 11, ಮದುವೆ ಅಡುಗೆಯವರ ಮೂಲಕ 6, ಹಿಂದೆ ಹಂಚಿದ್ದ ಕರಪತ್ರದಿಂದ 4. ಒಂದು ಮಾತು ನನಗೇ ಅಚ್ಚರಿ ತಂದಿತು: ನಕ್ಷೆ ನೋಡಿ ಬಂದ ಹನ್ನೊಂದು ಜನರಲ್ಲಿ ಏಳು ಮಂದಿ ಮೊದಲು ಹಿಂದಿನ ಗಲ್ಲಿಗೆ ಹೋಗಿ, ಅಲ್ಲಿಂದ ಫೋನ್ ಮಾಡಿ ದಾರಿ ಕೇಳಿದರು. ಬೆಂಗಳೂರು, ಪುಣೆಗೆ ಒಯ್ಯಲೆಂದು ಖಡಕ್ ರೊಟ್ಟಿ ಮತ್ತು ಚಟ್ನಿ ಕೊಂಡವರು 13 ಜನ.

ಉತ್ತರ: ಹಾಗಾದರೆ ನಕ್ಷೆಯಲ್ಲಿ ಅಂಗಡಿಯ ಜಾಗ ತೋರಿಸುವ ಗುರುತು, ಅಂದರೆ ಪಿನ್, ತಪ್ಪಿದೆ. ಇಂದೇ ಸರಿಪಡಿಸಿ. ಫೋನ್ ಮಾಡಿ ಕೇಳಿದವರು ಏಳು ಜನ, ಕೇಳದೆಯೇ ಹಿಂದಿರುಗಿದವರ ಎದುರು ಗೀಟು ಎಳೆಯಲು ಯಾರಿಗೂ ಆಗದು.

ನಿಮ್ಮ ಪುಸ್ತಕ ಹೇಳುತ್ತಿರುವುದು, ನೀವು ಒಂದೇ ಸೂರಿನಡಿ ಎರಡು ವ್ಯಾಪಾರ ನಡೆಸುತ್ತಿದ್ದೀರಿ ಎಂದು. ಮೆತ್ತನೆಯ ರೊಟ್ಟಿ ಅಂದಂದಿನ ಮಾಲು. ಅದರ ಗಿರಾಕಿ ಎರಡು ಮೂರು ಕಿಲೋಮೀಟರಿನೊಳಗೆ ಇರುವವರು, ಅವರನ್ನು ತರುವುದು ಬೋರ್ಡು, ಬಾಯಿಮಾತು ಮತ್ತು ಸರಿಯಾದ ಪಿನ್. ಅದಕ್ಕಾಗಿ ರೀಲ್ಸ್ ಮಾಡಿಸಿ ಬಳ್ಳಾರಿಯವರಿಗೂ ಬೀದರಿನವರಿಗೂ ತೋರಿಸಿ ಫಲವಿಲ್ಲ. ಸಂಜೆ ಆರೂವರೆಗೆ ಮುಖ್ಯ ರಸ್ತೆಯಿಂದಲೂ ಕಾಣುವಂತೆ ಬೋರ್ಡಿಗೆ ಒಂದು ದೀಪ ಹಾಕಿಸಿ. ನಿಮ್ಮ ಹೊಸ ಗಿರಾಕಿಗಳಲ್ಲಿ ಐದರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿ ಅದನ್ನು ನೋಡಿಯೇ ಬಂದಿದ್ದಾರೆ.

ಖಡಕ್ ರೊಟ್ಟಿ ಮತ್ತು ಚಟ್ನಿಪುಡಿಯದು ಬೇರೆ ದಾರಿ. ಅವು ಗಾಳಿಯಾಡದಂತೆ ಕಟ್ಟಿದರೆ ವಾರಗಟ್ಟಲೆ ಇರುತ್ತವೆ, ಪಾರ್ಸೆಲ್‌ನಲ್ಲಿ ಹೋಗುತ್ತವೆ, ಒಂದು ಪೊಟ್ಟಣ ಚಟ್ನಿಯಲ್ಲಿ ಹದಿನಾಲ್ಕು ರೊಟ್ಟಿಯ ಲಾಭವಿದೆ. ಊರು ಬಿಟ್ಟು ಹೋದ ಉತ್ತರ ಕರ್ನಾಟಕದ ಮಂದಿಯೇ ಇದರ ಗಿರಾಕಿಗಳು. ಮೇಲೆ ನೀವು ಹೇಳಿದ 13 ಜನ ನಿಮ್ಮ ಸರಕನ್ನು ಖರ್ಚಿಲ್ಲದೆ ಅಲ್ಲಿಗೆ ಮುಟ್ಟಿಸುತ್ತಿದ್ದಾರೆ. ಆದ್ದರಿಂದ ಹಣ ಹಾಕುವುದಿದ್ದರೆ ಪೊಟ್ಟಣಕ್ಕೆ ಹಾಕಿ. ಅದರ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ ಹದಿನಾಲ್ಕು ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ, ತಯಾರಿಸಿದ ದಿನ, ತೂಕ, ಎಂಆರ್‌ಪಿ, ಸಸ್ಯಾಹಾರದ ಹಸಿರು ಗುರುತು ಹೇಗೂ ಇರಬೇಕು. ಜೊತೆಗೆ ಮತ್ತೆ ತರಿಸಿಕೊಳ್ಳಲು ವಾಟ್ಸಾಪ್ ನಂಬರು ದಪ್ಪಕ್ಷರದಲ್ಲಿ ಇರಲಿ. ಪುಣೆಯಲ್ಲಿ ಆ ಪೊಟ್ಟಣ ಖಾಲಿಯಾದ ದಿನ ಗಿರಾಕಿಯ ಕೈಯಲ್ಲಿ ಇರುವುದು ನಿಮ್ಮ ರೀಲ್ಸ್ ಅಲ್ಲ, ಆ ಚೀಟಿ.

ರೊಟ್ಟಿ ಕೇಂದ್ರದ ಒಡತಿ: ಆ ಸಂಸ್ಥೆಯವರು ಮತ್ತೆ ಫೋನ್ ಮಾಡುತ್ತಿದ್ದಾರೆ. ಪೂರ್ತಿ ಬೇಡ ಎನ್ನಲೇ?

ಉತ್ತರ: ಅವರಲ್ಲಿ ಫೋಟೊ ತೆಗೆಯುವವರು ಚೆನ್ನಾಗಿದ್ದರೆ ಆ ಕೆಲಸವನ್ನಷ್ಟೇ ಒಮ್ಮೆಗೆ ಒಪ್ಪಿಸಿ: ಒಂದು ಬೆಳಗಿನ ಚಿತ್ರೀಕರಣ, ಇಪ್ಪತ್ತು ಒಳ್ಳೆಯ ಚಿತ್ರ, ಪೊಟ್ಟಣದ ಚೀಟಿಯ ವಿನ್ಯಾಸ. ಚಿತ್ರಗಳನ್ನು ಎಲ್ಲಿ ಬೇಕಾದರೂ ಬಳಸುವ ಹಕ್ಕು ನಿಮ್ಮದು ಎಂದು ಬರೆಸಿಕೊಳ್ಳಿ. ಮುಂದೆಂದಾದರೂ ತಿಂಗಳ ಕರಾರು ಮಾಡಿಕೊಂಡರೂ, ಗೂಗಲ್ ಪ್ರೊಫೈಲ್‌ನ ಮುಖ್ಯ ಮಾಲೀಕತ್ವ, ಫೇಸ್‌ಬುಕ್ ಪುಟ, ಜಾಹೀರಾತು ಖಾತೆ ಮತ್ತು ಜಾಲತಾಣದ ಹೆಸರು ನಿಮ್ಮ ಇಮೇಲ್‌ನಲ್ಲೇ ಇರಲಿ. ಅವರನ್ನು ನಿರ್ವಾಹಕರಾಗಿ ಮಾತ್ರ ಸೇರಿಸಿ. ಸಂಸ್ಥೆಯೊಂದಿಗೆ ಮನಸ್ತಾಪವಾದ ಮೇಲೆ ತನ್ನ ಅಂಗಡಿಯ ಪುಟಕ್ಕೆ ತಾನೇ ಹೊರಗಿನವನಾದ ಒಬ್ಬ ಸಿಹಿತಿಂಡಿ ವ್ಯಾಪಾರಿಯ ಕೆಲಸವನ್ನು ನಾನು ಮೊದಲಿನಿಂದ ಕಟ್ಟಿಕೊಡಬೇಕಾಯಿತು. ತಿಂಗಳ ವರದಿಯಲ್ಲಿ ಲೈಕು, ವ್ಯೂಗಳನ್ನಲ್ಲ, ಬಂದ ಕರೆಗಳನ್ನೂ ದಾರಿ ಕೇಳಿದವರನ್ನೂ ಬಂದ ಆರ್ಡರನ್ನೂ ತೋರಿಸಲು ಹೇಳಿ.

ಸಂಕ್ರಾಂತಿಯ ಹಿಂದಿನ ದಿನದ ಭೋಗಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಡಿಸೆಂಬರ್ ಕೊನೆಯ ವಾರದಿಂದಲೇ ಮುಂಗಡ ಹಿಡಿಯಲು ಶುರುಮಾಡಿ, ನಾಲ್ಕು ಜನ ಎಷ್ಟು ಬಡಿಯಬಲ್ಲರೋ ಅಷ್ಟಕ್ಕೆ ಆರ್ಡರ್ ನಿಲ್ಲಿಸಿ, 'ಈ ಸಲದ ಆರ್ಡರ್ ಮುಗಿಯಿತು' ಎಂದು ಬೋರ್ಡಿನ ಮೇಲೆ ಬರೆಯಿರಿ. ಬಂದು ಓದಿ ಹೋದವರ ಫೋನ್ ನಂಬರನ್ನು ಕೇಳಿ ಅದೇ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.